ಪಕ್ಕದ ಮನೆಯ ಚಿಕನ್ ನೂಡಲ್ಸ್

ರೊವೆನಾ ಪಕ್ಕದ ಮನೆಯ ಹಿಂಬಾಗಿಲನ್ನು ತಟ್ಟಲಿಲ್ಲ, ಗುದ್ದಿದಳು. ಒಳಗಿನಿಂದ ಯಾರೋ "ಬಂದೆ" ಎನ್ನುವಷ್ಟರಲ್ಲಿ ತಾನೇ ತಳ್ಳಿಕೊಂಡು ಒಳಗೆ ಹೋಗಿಬಿಟ್ಟಿದ್ದಳು. ಬೂಟು ಕೂಡ ಬಿಚ್ಚಿರಲಿಲ್ಲ. ನವೆಂಬರ್ ತಿಂಗಳ ವಿನ್ನಿಪೆಗ್‌ನಲ್ಲಿ ಹಿಮ ಮೆತ್ತಿದ ಬೂಟಿನಲ್ಲೇ ಇನ್ನೊಬ್ಬರ ಅಡುಗೆಮನೆಗೆ ನುಗ್ಗಿದರೆ ಜಗಳಕ್ಕೇ ಬಂದಿದ್ದಾರೆ ಎಂದು ಯಾರಿಗಾದರೂ ತಿಳಿಯುತ್ತದೆ.

ಊಟದ ಮೇಜಿನ ಮುಂದೆ ಅವಳ ಅಪ್ಪ ಆನ್ಸೆಲ್ಮೊ ಆರಾಮಾಗಿ ಕೂತಿದ್ದ. ಕೊರಳಿಗೊಂದು ಟವೆಲ್, ಎದುರಿಗೆ ಹಬೆಯಾಡುವ ದೊಡ್ಡ ಬಟ್ಟಲು, ಬಾಯಿಯ ಒಳಗರ್ಧ ಹೊರಗರ್ಧ ನೂಡಲ್ಸ್.

"ಅಪ್ಪಾ! ಬಾಯಲ್ಲಿರೋದನ್ನ ಉಗಿ!"

ಅಪ್ಪ ಮಗಳ ಮುಖವನ್ನೇ ನೋಡುತ್ತ ಸುರ್ ಎಂದು ಎಳೆದುಕೊಂಡ. "ನುಂಗಿಬಿಟ್ಟೆ ಕಣೇ ವೆಂಗ್," ಎಂದ.

ವೆಂಗ್ ಅಂತ ಮನೆಯಲ್ಲಿ ಕರೆಯುವ ಹೆಸರು. ಆ ಹೆಸರು ಕೇಳಿದರೆ ಅವಳು ಕರಗುತ್ತಾಳೆ ಎಂದು ಅಪ್ಪನಿಗೆ ಗೊತ್ತು. ಇವತ್ತು ಕರಗುವ ದಿನವಾಗಿರಲಿಲ್ಲ. ಬೇಸಿಗೆಯಲ್ಲಷ್ಟೇ ಅವನ ಎದೆ ತೆರೆದು ಬೈಪಾಸ್ ಮಾಡಿದ್ದರು. ಅಂದಿನಿಂದ ಅವನ ಬಾಯಿಗೆ ಹೋಗುವ ಒಂದೊಂದು ತುತ್ತನ್ನೂ ರೊವೆನಾ ತಕ್ಕಡಿಯಲ್ಲಿ ತೂಗಿ ಡಬ್ಬಿಗೆ ತುಂಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಇವತ್ತು ತಲೆನೋವೆಂದು ಬೇಗ ಮನೆಗೆ ಬಂದರೆ ಡಬ್ಬಿ ಮುಚ್ಚಳ ತೆರೆಯದೆ ಮೇಜಿನ ಮೇಲೆ ಹಾಗೇ ಕೂತಿದೆ, ಅಪ್ಪನ ಬೂಟಿನ ಗುರುತು ಹಿತ್ತಿಲ ಹಿಮದಲ್ಲಿ ಬೇಲಿಯ ಸಂದಿ ದಾಟಿ ನೇರ ಈ ಮನೆಗೆ ಬಂದಿದೆ.

ಒಲೆಯ ಹತ್ತಿರ ಇಕ್ಕಳ ಹಿಡಿದು ನಿಂತಿದ್ದವನ ಕಡೆಗೆ ಅವಳು ತಿರುಗಿದಳು. ಎತ್ತರದ ಆಳು, ಕೊರಿಯಾದವರ ಮುಖ, ಹಣೆಯ ಮೇಲೆ ಬೀಳುವ ಕೂದಲು. ಶರತ್ಕಾಲದಲ್ಲಿ ಈ ಮನೆಗೆ ಬಂದವನು. ಬೇಲಿಯಾಚೆ ಎಲೆ ಗುಡಿಸುವಾಗ ತಲೆಯಾಡಿಸಿದ್ದಷ್ಟೇ ಪರಿಚಯ.

"ಯಾರ್ರೀ ನೀವು, ನಮ್ಮಪ್ಪನ್ನ ಕೊಲ್ಲೋಕೆ ಹೊರಟಿರೋರು?"

"ತೇಹೋ," ಎಂದ ಅವನು, ನಿಜವಾಗಿಯೂ ಹೆಸರನ್ನೇ ಕೇಳಿದಳೆಂಬಂತೆ.

"ಇವರ ಎದೆ ಸೀಳಿ ಹೊಲಿದಿದ್ದಾರೆ, ಅದಾದ್ರೂ ಗೊತ್ತಾ ನಿಮಗೆ?"

"ಗೊತ್ತು. ಅಂಗಿ ಎತ್ತಿ ತೋರಿಸಿದ್ರು."

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಕಿಟಕಿಯ ಕಡೆ ನೋಡಿದ. ಅವಳು ಬಟ್ಟಲನ್ನು ಸೆಳೆದುಕೊಂಡು ಬೆಳಕಿಗೆ ಹಿಡಿದಳು. ತಿಳಿ ಸಾರಿನ ಮೇಲೆ ಒಂದು ಹನಿ ಎಣ್ಣೆಯೂ ತೇಲುತ್ತಿರಲಿಲ್ಲ. ಎಳೆಎಳೆಯಾಗಿ ಬಿಡಿಸಿದ ಕೋಳಿಯ ಎದೆಮಾಂಸ, ಸಣ್ಣಗೆ ಹೆಚ್ಚಿದ ಎಲೆಕೋಸು, ಮೊಳಕೆಕಾಳು, ಈರುಳ್ಳಿ ಸೊಪ್ಪು, ಅದರಡಿಯಲ್ಲಿ ಒಂದು ಹಿಡಿ ನೂಡಲ್ಸ್.

"ಕೊಬ್ಬೆಲ್ಲಿ?"

"ಆಚೆ ಬಿಸಾಕಿದೀನಿ. ಸಾರು ಮಾಡಿ ಪಾತ್ರೆನ ಹಿಂದಿನ ಮೆಟ್ಟಿಲ ಮೇಲೆ ಇಟ್ಟುಬಿಡ್ತೀನಿ. ಈ ಚಳೀಗೆ ಕೊಬ್ಬೆಲ್ಲ ಮೇಲೆ ಬಂದು ಹೆಪ್ಪುಗಟ್ಟತ್ತೆ. ಹಾಗೇ ಎತ್ತಿ ಎಸೆದ್ರಾಯ್ತು."

"ಉಪ್ಪು?"

"ಚಿಟಿಕೆ. ಒಣ ಅಣಬೆ ಹಾಕಿದೀನಿ, ಶುಂಠಿ ಹಾಕಿದೀನಿ. ಉಪ್ಪು ಬೇಕು ಅನ್ಸಲ್ಲ. ನೋಡಿ ಬೇಕಾದ್ರೆ."

ಅವಳು ಅಪ್ಪನದೇ ಚಮಚದಲ್ಲಿ ಒಂದು ಗುಟುಕು ಕುಡಿದಳು. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಅದೇ ಅವಳ ಮೈ ಉರಿಸಿತು. ಎಣ್ಣೆ ಸುರಿದು ಉಪ್ಪು ಸುರಿದು ರುಚಿ ಮಾಡಿದ್ದರೆ ಒಂದು ನಾಲ್ಕು ಮಾತು ಬೈದು ಗೆದ್ದು ಹೋಗಬಹುದಿತ್ತು. ಮನೆಯಲ್ಲಿ ತಾನು ಇಟ್ಟುಬಂದ ಡಬ್ಬಿಯಲ್ಲೂ ಇದೇ ಎದೆಮಾಂಸ, ಇದೇ ಎಲೆಕೋಸು, ಇದೇ ಒಂದು ಹಿಡಿ ನೂಡಲ್ಸ್ ಇತ್ತು.

"ಎಷ್ಟು ದಿನದಿಂದ ನಡೀತಿದೆ ಇದು?"

ಅಪ್ಪ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. "ಸೋಮವಾರ ಮಾತ್ರ ಇವರು ಬರಲ್ಲ," ಎಂದು ತೇಹೋ ಪ್ರಾಮಾಣಿಕವಾಗಿ ಹೇಳಿದ. "ಸೋಮವಾರ ಊಟಕ್ಕೆ ಮನೆಗೆ ಬರೋಕೆ ನನಗೆ ಬಿಡುವಿರಲ್ಲ."

ರೊವೆನಾ ಅಪ್ಪನ ಕೊರಳಿನ ಟವೆಲ್ ಕಿತ್ತು ಮೇಜಿನ ಮೇಲೆಸೆದು, ಅವನ ರಟ್ಟೆ ಹಿಡಿದು ಹೊರಟಳು. ಬಾಗಿಲ ಬಳಿ ಅಪ್ಪ ತಿರುಗಿ ತೇಹೋನತ್ತ ಕಣ್ಣು ಹೊಡೆದದ್ದು ಅವಳಿಗೆ ಕಾಣಲಿಲ್ಲ.

ರೊವೆನಾಳ ಕೋಪದ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವಳು ನಗರಸಭೆಯ ಪಾರ್ಕಿಂಗ್ ದಂಡದ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಜನ ಗಾಜಿನಾಚೆ ನಿಂತು ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅವಳು ಮಾತ್ರ ನಗುತ್ತ "ನಿಮ್ಮ ಕಷ್ಟ ಅರ್ಥ ಆಗತ್ತೆ ಸರ್" ಎನ್ನಬೇಕಿತ್ತು. ಹಾಗೆ ನುಂಗಿದ್ದೆಲ್ಲ ಸಂಜೆ ಎಲ್ಲಾದರೂ ಹೊರಗೆ ಬರಲೇಬೇಕಲ್ಲ. ಮೊದಲು ಅದು ಹಿಮ ಎತ್ತುವ ಸಲಿಕೆಯ ಮೇಲೋ ಹಾಳಾದ ವಾಷಿಂಗ್ ಮಷೀನ್ ಮೇಲೋ ಬೀಳುತ್ತಿತ್ತು. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನ ತಟ್ಟೆಯ ಮೇಲೆ ಬೀಳತೊಡಗಿತು. ಅಮ್ಮ ಇಲ್ಲದ ಮನೆ. ಉಳಿದಿದ್ದವನು ಅವನೊಬ್ಬನೇ. ಬಸ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿ ಅವಳನ್ನು ಓದಿಸಿದವನು. ಅವನಿಗೇನಾದರೂ ಆಗಿಬಿಟ್ಟರೆ ಎಂಬ ಭಯ ಬಂದಾಗಲೆಲ್ಲ ಅವಳಿಗೆ ಬರುತ್ತಿದ್ದದ್ದು ಅಳುವಲ್ಲ, ಸಿಟ್ಟು.

ಆ ವಾರದ ಕೊನೆಯಲ್ಲಿ ಅವಳು ಮತ್ತೆ ಅದೇ ಬಾಗಿಲಿಗೆ ಹೋದಳು. ಈ ಸಲ ತಟ್ಟಿದಳು, ಬೂಟು ಬಿಚ್ಚಿದಳು, ತನ್ನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ತಿನ್ನಿ. ಏನು ತಪ್ಪಿದೆ ಹೇಳಿ."

ತೇಹೋ ಫೋರ್ಕ್ ತಂದು ಒಂದು ತುಂಡು ಬಾಯಿಗಿಟ್ಟುಕೊಂಡ. ಅಗಿದ. ಕಿಟಕಿಯಾಚೆ ನೋಡುತ್ತ ಇನ್ನೂ ಅಗಿದ. ಅವಳು ಕೈಕಟ್ಟಿ ನಿಂತಿದ್ದಳು.

"ಒಂದು ಪ್ರಶ್ನೆ ಕೇಳಲಾ?" ಎಂದ ಕೊನೆಗೆ.

"ಕೇಳಿ."

"ಇದು ಕೋಳಿನಾ?"

ಅವಳು ಡಬ್ಬಿ ಎತ್ತಿಕೊಂಡು ಬಾಗಿಲ ತನಕ ಹೋಗಿಬಿಟ್ಟಳು. "ಇರಿ ಇರಿ," ಎಂದು ಅವನು ನಗು ತಡೆಯಲಾರದೆ ಅಡ್ಡ ಬಂದ. "ಹೇಗೆ ಬೇಯಿಸ್ತೀರಿ ಅದನ್ನಾದ್ರೂ ಹೇಳಿ."

"ಹೇಗೆ ಅಂದ್ರೆ? ಕುದಿಯೋ ನೀರಿಗೆ ಹಾಕ್ತೀನಿ, ಚೆನ್ನಾಗಿ ಕುದಿಸ್ತೀನಿ, ನೀರು ಚೆಲ್ತೀನಿ."

"ಚೆಲ್ತೀರಾ?"

"ಅದರಲ್ಲಿ ಕೊಬ್ಬಿರತ್ತೆ!"

ತೇಹೋ ಎದೆಯ ಮೇಲೆ ಕೈಯಿಟ್ಟುಕೊಂಡ. ಅಷ್ಟು ನೊಂದವನ ಮುಖ ಅವಳು ಪಾರ್ಕಿಂಗ್ ಕೌಂಟರಿನಲ್ಲೂ ನೋಡಿರಲಿಲ್ಲ. ತುಟಿ ಬಿಗಿಹಿಡಿದಳು, ಇವನ ಮುಂದೆ ನಗಬಾರದೆಂದು.

ಹಾಗೆ ಶುರುವಾಯಿತು. ಅವನು ಬಡಾವಣೆಯ ಐಸ್ ಹಾಕಿ ಮೈದಾನದಲ್ಲಿ ಮಂಜುಗಡ್ಡೆ ನಯ ಮಾಡುವ ಯಂತ್ರ ಓಡಿಸುವವನು. ಶಿಫ್ಟ್ ಮುಗಿಸಿ ಸಂಜೆ ಮನೆಗೆ ಬರುವ ಹೊತ್ತಿಗೆ ಅವಳೂ ಕಾರು ನಿಲ್ಲಿಸಿ, ಇಂಜಿನ್ ಹೆಪ್ಪುಗಟ್ಟದಂತೆ ಅದರ ಹೀಟರಿನ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿ, ಬೇಲಿ ದಾಟಿ ಬರುತ್ತಿದ್ದಳು. ಅಪ್ಪನಿಗೆ ಮಾರನೆಯ ದಿನದ ಊಟ ಇಬ್ಬರೂ ಸೇರಿ ಮಾಡುತ್ತಿದ್ದರು. ಮಾಡುತ್ತಿದ್ದರು ಎನ್ನುವುದಕ್ಕಿಂತ ಕಿತ್ತಾಡುತ್ತಿದ್ದರು ಎಂದರೆ ಸರಿ.

ಅವನು ಶುಂಠಿ ಹಾಕಿದ ನೀರಿಗೆ ಎದೆಮಾಂಸ ಬಿಟ್ಟು, ಒಂದು ಕುದಿ ಬಂದದ್ದೇ ಒಲೆ ಆರಿಸಿ ಮುಚ್ಚಳ ಹಾಕಿಬಿಡುತ್ತಿದ್ದ.

"ಒಲೆ ಆರಿಸಿದ್ರೆ ಬೇಯೋದು ಹೇಗೆ?"

"ಮುಚ್ಚಿ ಬಿಟ್ಟುಬಿಟ್ರೆ ಅದರ ಪಾಡಿಗೆ ಬೇಯತ್ತೆ."

"ಬಿಟ್ಟುಬಿಡೋದು ನನಗೆ ಬರಲ್ಲ." ಅವಳ ಕೈ ಮುಚ್ಚಳದ ಮೇಲೆ ಹೋಗಿತ್ತು.

ಅವನು ಆ ಕೈಯ ಮೇಲೆ ತನ್ನ ಕೈಯಿಟ್ಟ, ಎತ್ತದಂತೆ. "ಅದು ಕಾಣ್ತಿದೆ," ಎಂದ. ಮುಚ್ಚಳ ಬಿಸಿಯಿತ್ತು, ಅವನ ಅಂಗೈಯೂ ಬಿಸಿಯಿತ್ತು. ಯಾವುದರ ಬಿಸಿ ಯಾವುದೆಂದು ತಿಳಿಯದೆ ಅವಳು ಅವನ ಹಣೆಯ ಕೂದಲನ್ನೇ ನೋಡಿದಳು. ಅವನು ಮೊದಲು ಕಣ್ಣು ತಪ್ಪಿಸಿದ. ಕಿವಿ ಕೆಂಪಾಗಿತ್ತು. ಅವಳಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ಸಿಟ್ಟೂ ಬಂತು.

ಕಲಿಸುವುದೆಲ್ಲ ಅವನದೇ ಆಗಿರಲಿಲ್ಲ. ಒಂದು ಸಂಜೆ ಅವನ ಸಾರಿನ ರುಚಿ ನೋಡಿ ಅವಳು ಮುಖ ಸಿಂಡರಿಸಿ, ಮನೆಯಿಂದ ಕಲಮನ್ಸಿ ನಿಂಬೆ ತಂದು ಹಿಂಡಿದಳು. ಗೋಲಿಯಷ್ಟಿರುವ ಆ ನಿಂಬೆ ಅವಳ ಅಪ್ಪ ಹುಟ್ಟಿದ ದ್ವೀಪದ ಕಡೆಯದು. ಬೆಳ್ಳುಳ್ಳಿಯನ್ನು ಒಣ ಬಾಣಲೆಯಲ್ಲಿ ಹೊಂಬಣ್ಣಕ್ಕೆ ಹುರಿದು ಮೇಲೆ ಉದುರಿಸಿದಳು. ಅವನು ಒಂದು ಬಾಯಿ ತಿಂದು, ಏನೂ ಹೇಳದೆ ಬಟ್ಟಲು ಖಾಲಿ ಮಾಡಿ, ಇನ್ನೊಂದು ಬಟ್ಟಲು ಹಾಕಿಕೊಂಡ.

"ಹೊಗಳೋಕೇನು ಧಾಡಿ?" ಎಂದಳು.

"ಹೊಗಳಿದ್ರೆ ನಾಳೆಯಿಂದ ನೀನು ಬರಲ್ಲ. ಕಲಿತಾಯ್ತು ಅಂತ."

ನೀವು ಹೋಗಿ ನೀನು ಬಂದದ್ದು ಆವತ್ತೇ. ಅವಳು ಪಾತ್ರೆ ಉಜ್ಜುವ ನೆಪದಲ್ಲಿ ಬಹಳ ಹೊತ್ತು ಸಿಂಕಿನ ಕಡೆಗೇ ತಿರುಗಿ ನಿಂತಳು.

ಎಳ್ಳೆಣ್ಣೆಗಾಗಿ ಮಾತ್ರ ಪ್ರತಿದಿನ ಯುದ್ಧ. ಅವನು ಸೀಸೆ ಬಗ್ಗಿಸುತ್ತಿದ್ದ, ಅವಳು "ಸಾಕು" ಎಂದು ಮಣಿಕಟ್ಟು ಹಿಡಿಯುತ್ತಿದ್ದಳು, ಅವನು ಬೇಕೆಂದೇ ಇನ್ನಷ್ಟು ಬಗ್ಗಿಸಿದಂತೆ ಮಾಡುತ್ತಿದ್ದ. ಹನಿ ಬೀಳುತ್ತಿರಲಿಲ್ಲ, ಮಣಿಕಟ್ಟು ಮಾತ್ರ ಅವಳ ಕೈಯಲ್ಲಿ ಉಳಿಯುತ್ತಿತ್ತು. ಅವಳ ಜೊತೆಗೇ ಬಂದಿರುತ್ತಿದ್ದ ಅಪ್ಪ ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದ.

ಒಂದು ದಿನ ತೇಹೋ ತನ್ನ ಅಮ್ಮನ ವಿಷಯ ಹೇಳಿದ. ಸಣ್ಣ ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ನಡೆಸಿ ಒಬ್ಬಳೇ ಅವನನ್ನು ಸಾಕಿದವಳು, ಸಕ್ಕರೆ ಕಾಯಿಲೆ ಮುಚ್ಚಿಟ್ಟುಕೊಂಡೇ ಹೋಗಿಬಿಟ್ಟಳು. "ಆಗ ನಾನೂ ಹೀಗಿರಲಿಲ್ಲ, ಇಬ್ಬರಷ್ಟು ದಪ್ಪ ಇದ್ದೆ. ಡಾಕ್ಟರು ಮುಂದಿನ ಸರದಿ ನಿಂದು ಅಂದ್ರು. ಅಡುಗೆ ಕಲಿತೆ. ಅವಳು ಇದ್ದಾಗಲೇ ಕಲೀಬೇಕಿತ್ತು." ರೊವೆನಾ ಅವನ ಬಟ್ಟಲಿಗೆ ತನ್ನ ಪಾಲಿನ ಕೋಳಿಯನ್ನು ಎತ್ತಿ ಹಾಕಿದಳು.

ಜನವರಿಯ ಕೊನೆಯ ಭಾನುವಾರ ಅಪ್ಪನ ಹುಟ್ಟುಹಬ್ಬ ಬಂತು.

ಅವನ ತಂಗಿ ಲೂಮಿಂಗ್ ಅತ್ತೆ ವಾರ ಮುಂಚೆಯೇ ಫೋನ್ ಮಾಡಿ ಇಡೀ ಹಂದಿ ಸುಡಿಸುವ ಮಾತಾಡಿದಳು. "ಅತ್ತೆ, ಅಪ್ಪನ್ನ ಸುಡೋದೂ ಒಂದೇ, ಅದನ್ನ ತರೋದೂ ಒಂದೇ," ಎಂದಳು ರೊವೆನಾ. ಅತ್ತೆ ಫೋನಿಟ್ಟಳು. ಮತ್ತೆ ಮಾಡಿದಳು. ಕೊನೆಗೆ ಒಪ್ಪಂದವಾಯಿತು. ಹಂದಿಯಿಲ್ಲ, ಕೇಕಿಲ್ಲ. ಆದರೆ ಹುಟ್ಟುಹಬ್ಬದ ನೂಡಲ್ಸ್ ಇಲ್ಲದೆ ಆಗುವುದಿಲ್ಲ. ಅದನ್ನು ಕೋಳಿ, ತರಕಾರಿ ಹಾಕಿ ಹಗುರಾಗಿ ಮಾಡುವುದು ರೊವೆನಾಳ ಜವಾಬ್ದಾರಿ.

ಆ ವಾರವೆಲ್ಲ ತೇಹೋ ಅವಳ ಅಡುಗೆಮನೆಯಲ್ಲೇ ಇದ್ದ. ಎಲೆಕೋಸು ಹೆಚ್ಚಿದ, ಬೀನ್ಸ್ ಸೀಳಿದ, ಕೋಳಿ ಬಿಡಿಸಿದ. ಸೋಯಾ ಸಾಸ್ ಅರ್ಧ ಮಾಡಿ ಅಣಬೆಯ ನೀರು ಬೆರೆಸಿದ. ಭಾನುವಾರ ಚರ್ಚಿನಿಂದ ಎಲ್ಲರೂ ಬರುವ ಹೊತ್ತಿಗೆ ದೊಡ್ಡ ತಟ್ಟೆಯ ತುಂಬ ಹೊಂಬಣ್ಣದ ನೂಡಲ್ಸ್ ಹರಡಿತ್ತು, ಸುತ್ತ ಹೋಳು ಮಾಡಿದ ನಿಂಬೆ. ಲೂಮಿಂಗ್ ಅತ್ತೆ ತನ್ನ ಚರ್ಚಿನ ಗೆಳತಿಯರಿಗೆ ತೇಹೋನನ್ನು ಮೇಲಿಂದ ಕೆಳಗೆ ತೋರಿಸಿ, "ಅಡುಗೆ ಮಾಡ್ತಾನಂತೆ, ಮೈಕಟ್ಟೂ ಇದೆ, ನಮ್ಮ ಹುಡುಗಿ ಬಾಯಿ ತಡ್ಕೊಂಡಿದಾನೆ ಅಂದ್ರೆ ಕಿವಿ ಸ್ವಲ್ಪ ಮಂದ ಇರಬೇಕು," ಎಂದಳು. ಎಲ್ಲರೂ ನಕ್ಕರು. ರೊವೆನಾಳೂ ನಕ್ಕಳು.

ಅಪ್ಪನ ತಟ್ಟೆಗೆ ಮೊದಲು ಬಡಿಸಿದರು. ಬೈಪಾಸ್ ನಂತರ ಅವನು ಬಹಳ ಇಳಿದುಹೋಗಿದ್ದ, ಹಲ್ಲಿನ ಸೆಟ್ಟು ಸಡಿಲವಾಗಿತ್ತು. ಎಳೆಗಳು ಕಡಿಯಲಾಗದೆ ಗದ್ದದ ಮೇಲೆ ಜೋತುಬಿದ್ದವು. ಒಮ್ಮೆ ಕೆಮ್ಮಿದ. ಎಲ್ಲರ ಮುಂದೆ ನಾಚಿಕೆಯಾಗಿ ಕರ್ಚೀಫ್ ಮರೆಯಲ್ಲಿ ಬಾಯಿ ಒರೆಸಿಕೊಂಡ. ಮಾತಿನಲ್ಲಿದ್ದ ಯಾರೂ ಅದನ್ನು ಗಮನಿಸಲಿಲ್ಲ. ತೇಹೋ ಗಮನಿಸಿದ. ಅಡುಗೆಮನೆಗೆ ಹೋಗಿ ಕತ್ತರಿ ತಂದು, ಅಪ್ಪನ ಪಕ್ಕ ಬಗ್ಗಿ ನಿಂತು, "ಒಂದು ನಿಮಿಷ ಅಂಕಲ್," ಎಂದು ತಟ್ಟೆಯಲ್ಲಿದ್ದ ನೂಡಲ್ಸನ್ನು ಕಚಕಚನೆ ಅಡ್ಡಡ್ಡ ಕತ್ತರಿಸಿದ.

ಎಲ್ಲರೂ ಆ ತಟ್ಟೆಯ ಕಡೆ ತಿರುಗಿದರು.

"ಅಯ್ಯೋ ಮಾತೆ ಮರಿಯಾ!" ಲೂಮಿಂಗ್ ಅತ್ತೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಹುಟ್ಟುಹಬ್ಬದ ನೂಡಲ್ಸು! ಅದರ ಉದ್ದವೇ ಆಯಸ್ಸು ಕಣೋ! ನಮ್ಮಣ್ಣನ ಆಯಸ್ಸು ಕತ್ತರಿಸಿಬಿಟ್ಯಲ್ಲೋ ಪಾಪಿ!"

ತೇಹೋ ಕತ್ತರಿ ಹಿಡಿದು ಹಾಗೇ ನಿಂತ. ಅವನ ಮುಖದಲ್ಲಿದ್ದದ್ದು ಬರೀ ಗೊಂದಲ. ಅವನ ಕಡೆಯವರ ಹೋಟೆಲುಗಳಲ್ಲಿ ನೂಡಲ್ಸ್ ತಂದವರೇ ಕತ್ತರಿ ಹಿಡಿದು, ಕತ್ತರಿಸಿಕೊಡಲೇ ಎಂದು ಕೇಳುತ್ತಾರೆ. ಅದು ಅಲ್ಲಿ ಉಪಚಾರ.

ರೊವೆನಾಗೆ ಇಂಥದ್ದರಲ್ಲೆಲ್ಲ ನಂಬಿಕೆಯಿರಲಿಲ್ಲ. ಅವಳು ನಂಬುತ್ತಿದ್ದದ್ದು ರಕ್ತ ಪರೀಕ್ಷೆಯನ್ನು, ಬಿ.ಪಿ. ಯಂತ್ರವನ್ನು. ಆದರೂ ಅಪ್ಪನ ತಟ್ಟೆಯಲ್ಲಿ ಆ ತುಂಡುಗಳನ್ನು ನೋಡಿದ್ದೇ, ಆಪರೇಷನ್ ಕೋಣೆಯ ಹೊರಗೆ ಕೂತಿದ್ದ ಆ ದಿನವೆಲ್ಲ ಒಮ್ಮೆಲೇ ಮೈಮೇಲೆ ಬಂತು. ಬಾಯಿ ಅವಳ ಮಾತು ಕೇಳಲಿಲ್ಲ.

"ಏನ್ ಮಾಡಿದೆ ನೀನು? ಯಾರು ಹೇಳಿದ್ರು ನಿನಗೆ ಮುಟ್ಟು ಅಂತ?"

"ವೆಂಗ್, ಅವರಿಗೆ ತಿನ್ನೋಕೆ ಕಷ್ಟ..."

"ವೆಂಗ್ ಅನ್ನಬೇಡ ನನ್ನ! ನಿಮ್ಮಮ್ಮನ್ನಂತೂ ಉಳಿಸಿಕೊಳ್ಳಲಿಲ್ಲ, ಈಗ ನಮ್ಮಪ್ಪನ ತಟ್ಟೆಗೆ ಕೈ ಹಾಕ್ತೀಯಾ? ಹೋಗಾಚೆ! ಹೋಗು ಈ ಮನೆ ಬಿಟ್ಟು!"

ಆ ಮಾತು ಹೊರಗೆ ಬಿದ್ದ ಕ್ಷಣವೇ ಅದೆಂಥ ಮಾತೆಂದು ಅವಳಿಗೆ ಗೊತ್ತಾಯಿತು. ತೇಹೋನ ಮುಖ ಬಿಳಿಚಿಕೊಂಡಿತು. ಕತ್ತರಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟ. "ಕ್ಷಮಿಸಿ ಅಂಕಲ್," ಎಂದು ಅಪ್ಪನಿಗೊಬ್ಬನಿಗೇ ಹೇಳಿ ಹಿಂಬಾಗಿಲಿನಿಂದ ಹೊರಟುಹೋದ.

ಅತ್ತೆ ಹೊಸ ತಟ್ಟೆಗೆ ಬೇರೆ ನೂಡಲ್ಸ್ ಹಾಕಲು ಎದ್ದಳು. ಆಗ ಅಪ್ಪ ಮೇಜಿನ ಮೇಲೆ ಮುಷ್ಟಿಯಿಂದ ಹೊಡೆದ. ಲೋಟಗಳು ಎಗರಿದವು. ಆಸ್ಪತ್ರೆಯಿಂದ ಬಂದ ಮೇಲೆ ಅವನು ದನಿಯೆತ್ತಿದ್ದನ್ನೇ ಯಾರೂ ಕೇಳಿರಲಿಲ್ಲ.

"ಕೂತ್ಕೋ ಲೂಮಿಂಗ್! ಯಾರಾದ್ರೂ ಈ ತಟ್ಟೆ ಮುಟ್ಟಿದ್ರೆ ಸರಿ ಇರಲ್ಲ."

"ಅಣ್ಣಾ, ಅಪಶಕುನ..."

"ಶಕುನ ನೋಡ್ಕೊಂಡಿರೋಕೆ ನನಗೆ ಟೈಮಿಲ್ಲ, ಹಸಿವಾಗಿದೆ." ಅವನು ಕತ್ತರಿಸಿದ ನೂಡಲ್ಸನ್ನು ಚಮಚ ತುಂಬ ಎತ್ತಿ ಬಾಯಿಗೆ ಹಾಕಿಕೊಂಡ. ಸಲೀಸಾಗಿ ಅಗಿದ. ಎಲ್ಲರೂ ನೋಡುತ್ತಿರುವಂತೆಯೇ ಇನ್ನೊಂದು ಚಮಚ. ಆಮೇಲೆ ಮಗಳ ಕಡೆ ತಿರುಗಿದ. ಅವನ ಕಣ್ಣು ಕೆಂಪಾಗಿತ್ತು.

"ಏನೇ, ಏನು ಮಾತು ಅದು? ಆ ಹುಡುಗನಿಗೆ ಹೇಳೋ ಮಾತಾ?"

"ಅಪ್ಪಾ, ನಿನಗೋಸ್ಕರ..."

"ನನಗೋಸ್ಕರ! ಬೇಸಿಗೆಯಿಂದ ಕೇಳ್ತಾನೇ ಇದೀನಿ ಇದನ್ನ. ಇಷ್ಟು ದಿನ ನನ್ನ ಊಟ ತೂಗಿದ್ದೀಯಲ್ಲ, ಒಂದು ದಿನ, ಒಂದೇ ಒಂದು ದಿನ ನನ್ನೆದುರಿಗೆ ಕೂತು ಊಟ ಮಾಡಿದ್ದೀಯಾ? ಕೈಕಟ್ಟಿ ನಿಂತ್ಕೋತೀಯ, ಜೈಲಿನಲ್ಲಿ ಕಾವಲಿನವರು ನಿಂತ್ಕೊಂಡ ಹಾಗೆ. ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಿರೋ ಥರ ನೋಡ್ತೀಯ. ಅವನ ಮನೆಗೆ ಯಾಕೆ ಹೋಗ್ತಿದ್ದೆ ಗೊತ್ತಾ? ರುಚಿಗಲ್ಲ ಕಣೇ. ಅವನೂ ಒಂದು ಬಟ್ಟಲು ಹಾಕ್ಕೊಂಡು ನನ್ನ ಜೊತೆ ಕೂತ್ಕೋತಿದ್ದ."

ರೊವೆನಾ ಕುರ್ಚಿಯ ಬೆನ್ನಿಗೆ ಕೈಯೂರಿದಳು.

"ನನ್ನ ಹಲ್ಲು ಸಡಿಲ ಆಗಿದೆ ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅವನ ತೂಕ ಗೊತ್ತಿತ್ತು, ಬಿ.ಪಿ. ಗೊತ್ತಿತ್ತು.

"ಹೋಗು," ಎಂದ ಅಪ್ಪ, ಚಮಚ ತುಂಬಿಕೊಳ್ಳುತ್ತ. "ಇಲ್ಲಿ ನಿಂತು ಅಳಬೇಡ. ಅಳೋದಾದ್ರೆ ಅಲ್ಲಿ ಹೋಗಿ ಅಳು."

ಕೋಟು ಹಾಕಿಕೊಳ್ಳುವುದನ್ನೂ ಮರೆತು ಅವಳು ಬೇಲಿ ದಾಟಿದಳು. ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಮೂಗಿನೊಳಗಿನ ಉಸಿರು ಹೆಪ್ಪುಗಟ್ಟುವಂಥ ಚಳಿ. ಬಾಗಿಲು ತಟ್ಟಿದಳು. ಮತ್ತೆ ತಟ್ಟಿದಳು.

"ತೆಗೆದಿದೆ," ಎಂದಿತು ಒಳಗಿನ ದನಿ.

ತೇಹೋ ಒಲೆಯ ಪಕ್ಕದ ಸಣ್ಣ ಮೇಜಿನಲ್ಲಿ ಕೂತಿದ್ದ. ಅವನ ಮುಂದೆ ಅಂಗಡಿಯ ಪೊಟ್ಟಣದ ದಿಢೀರ್ ನೂಡಲ್ಸ್, ಅದರ ಕೆಂಪು ಮಸಾಲೆಪುಡಿ ಪೂರ್ತಿ ಸುರಿದದ್ದು, ಮೇಲೆ ಒಂದು ಮೊಟ್ಟೆ, ಅದರ ಮೇಲೆ ಚೀಸ್. ಬಟ್ಟಲಿಗೂ ಹಾಕಿಕೊಳ್ಳದೆ ಪಾತ್ರೆಯಿಂದ ಮುಚ್ಚಳಕ್ಕೆ ಎತ್ತಿಕೊಂಡು, ಯಾರ ಮೇಲೋ ಸೇಡು ತೀರಿಸಿಕೊಳ್ಳುವವನಂತೆ ತಿನ್ನುತ್ತಿದ್ದ.

"ಏನಿದು?" ಎಂದಳು, ಅಭ್ಯಾಸಬಲದಿಂದ.

"ವಿಷ. ನೋಡ್ಕೊಳ್ಳಿ. ತೂಗ್ತೀರಾ?"

ಮತ್ತೆ ನೀವು. ಅವಳಿಗೆ ಅದು ಚಳಿಗಿಂತ ಜೋರಾಗಿ ತಾಗಿತು.

"ನಾನು ಆಡಿದ ಮಾತು..."

"ಗೊತ್ತು ಏನು ಆಡಿದ್ರಿ ಅಂತ. ನನ್ನ ಕಿವಿ ಮಂದ ಇಲ್ಲ." ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. ಇಷ್ಟು ದಿನದಲ್ಲಿ ಅವನು ಸಿಟ್ಟಾದದ್ದನ್ನು ಅವಳು ನೋಡಿಯೇ ಇರಲಿಲ್ಲ. "ಇಡೀ ವಾರ ನಿಮ್ಮ ಮನೇಲಿ ನಿಂತು ಎಲೆಕೋಸು ಹೆಚ್ಚಿದೆ. ಉಪ್ಪು ಎಷ್ಟು, ಎಣ್ಣೆ ಎಷ್ಟು, ಕೋಳಿ ಎಷ್ಟು ಅಂತ ನೂರು ಸಲ ಹೇಳಿದ್ರಿ. ಇದೊಂದು ಮಾತು ಹೇಳೋಕಾಗಲಿಲ್ವಾ? ತೇಹೋ, ಇದನ್ನ ಕತ್ತರಿಸಬಾರದು. ಇಷ್ಟೇ. ನನಗೆ ಹೇಗೆ ಗೊತ್ತಾಗಬೇಕು? ನಾನೇನು ನಿಮ್ಮವನಾ?"

"ಹೌದು!" ಎಂದು ಕಿರುಚಿದಳು ರೊವೆನಾ.

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಹೌದು, ಅದಕ್ಕೇ ಹೇಳಲಿಲ್ಲ! ಹೇಳಬೇಕು ಅಂತ ತೋಚಲೇ ಇಲ್ಲ. ನಮ್ಮನೇಲಿ ಯಾರಿಗೂ ಯಾರೂ ಅದನ್ನ ಹೇಳಲ್ಲ, ಎಲ್ಲರಿಗೂ ಗೊತ್ತಿರತ್ತೆ. ನೀನು ಹೊರಗಿನವನು ಅನ್ನೋದೇ ನನಗೆ ಮರೆತುಹೋಗಿತ್ತು ಕಣೋ. ನೀನು ಯಾವಾಗಿಂದಲೂ ಅಲ್ಲೇ ಇದ್ದೆ ಅನ್ನೋ ಹಾಗೆ ಇದ್ದುಬಿಟ್ಟಿದ್ದೆ." ಕಣ್ಣೀರು ಬಂತು. ಅದರ ಮೇಲೂ ಸಿಟ್ಟು ಬಂದು ತೋಳಿನಿಂದ ಒರೆಸಿಕೊಂಡಳು. "ನಿಮ್ಮಮ್ಮನ ಮಾತು ಆಡಬಾರದಿತ್ತು. ನನ್ನ ಬಾಯಿಗೆ ಬೆಂಕಿ ಬೀಳಾ. ತಪ್ಪಾಯ್ತು. ನಾನು ಯಾರ ಹತ್ರಾನೂ ಹೀಗೆ ಕೇಳಿದೋಳಲ್ಲ, ಎರಡನೇ ಸಲ ಹೇಳಿಸಬೇಡ."

ತೇಹೋ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದ.

"ನಾನು ಕಾಲೇಜಿಗೆ ಹೋಗೋವಾಗ್ಲೂ ಅಮ್ಮ ನನ್ನ ಬಟ್ಟಲಿಗೆ ಕತ್ತರಿ ಹಾಕಿಕೊಡ್ತಿದ್ಲು," ಎಂದ. ದನಿ ಇಳಿದಿತ್ತು. "ಬೇಡಮ್ಮಾ, ನಾಚ್ಕೆ ಆಗತ್ತೆ ಅಂತಿದ್ದೆ. ಕೇಳ್ತಿರಲಿಲ್ಲ. ಅವಳು ಹೋದ್ಮೇಲೆ ಯಾರಿಗೂ ಹಾಗೆ ಮಾಡಿಕೊಟ್ಟಿರಲಿಲ್ಲ ನಾನು. ಮಾಡಿಕೊಡೋಕೆ ಯಾರೂ ಇರಲಿಲ್ಲ. ಇವತ್ತು ಅಂಕಲ್ ಕಷ್ಟ ಪಡ್ತಿದ್ರು. ಕೈ ತಾನಾಗೇ ಹೋಯ್ತು."

"ಅಪ್ಪ ತಿಂದ," ಎಂದಳು ಅವಳು. "ಎಲ್ಲರ ಮುಂದೆ ಮೇಜು ಗುದ್ದಿ, ಅತ್ತೇನ ಕೂರಿಸಿ, ಅದನ್ನೇ ತಿಂದ. ನನಗೆ ಚೆನ್ನಾಗಿ ಉಗಿದ."

"ಒಳ್ಳೇದು."

"ಒಳ್ಳೇದಾ?"

"ಹೂಂ. ನನಗಿನ್ನೂ ಕೋಪ ಇದೆ."

"ಇರಲಿ. ನನಗೂ ಇದೆ."

"ನಿನಗ್ಯಾಕೆ?" ನೀನು ವಾಪಸು ಬಂದಿತ್ತು. ಅವನು ಅದನ್ನು ಗಮನಿಸಿರಲಿಲ್ಲ, ಅವಳು ಗಮನಿಸಿದಳು.

"ಯಾಕಂತೆ! ನವೆಂಬರಿಂದ ದಿನಾ ಸಂಜೆ ಬೇಕಂತಲೇ ಎಣ್ಣೆ ಸೀಸೆ ಬಗ್ಗಿಸ್ತೀಯ, ಕೈ ಹಿಡಿಸ್ಕೋತೀಯ. ಅದಾದ್ಮೇಲೆ ಗುಡ್ ನೈಟ್ ಅಂದು ಬಾಗಿಲು ಹಾಕ್ಕೋತೀಯ. ನಾನು ಹಿಮದಲ್ಲಿ ಮೂರ್ಖಳ ಥರ ನಡ್ಕೊಂಡು ಹೋಗ್ತೀನಿ. ಕೋಪ ಬರದೆ ಇನ್ನೇನು ಬರತ್ತೆ?"

ಅವನ ಕಿವಿ ಕೆಂಪಾಯಿತು. "ನಿನಗೆ ಇಷ್ಟ ಇದೆಯೋ ಇಲ್ವೋ ಗೊತ್ತಿರಲಿಲ್ಲ. ನೀನು ಯಾವಾಗ ನೋಡಿದ್ರೂ ಬೈತಾ ಇರ್ತೀಯ."

"ಇಷ್ಟ ಇರೋರನ್ನ ಮಾತ್ರ ಬೈಯೋದು ನಾನು! ಇಷ್ಟ ಇಲ್ಲದೋರಿಗೆ ಕೌಂಟರಲ್ಲಿ ನಕ್ಕೊಂಡು ಸರ್ ಅಂತೀನಿ!"

"ಹಾಗಾದ್ರೆ ಬಾಯಿಬಿಟ್ಟು ಹೇಳು."

"ಏನನ್ನ?"

"ಏನನ್ನ ಅಂತ ನಿನಗೇ ಗೊತ್ತು."

"ಪ್ರೀತಿ ಕಣೋ ನಿನ್ನ ಮೇಲೆ!" ಎಂದು ಅವಳು ಗುಡುಗಿದಳು. ಬೇಲಿಯಾಚೆ ಲೂಮಿಂಗ್ ಅತ್ತೆಯ ಗೆಳತಿಯರಿಗೂ ಕೇಳಿಸಿರಬೇಕು. "ಸಾಕಾ? ನಿನ್ನ ಕಂಡ್ರೆ ಪ್ರಾಣ ನನಗೆ! ಸಾಕಾ?"

"ಬೈದ ಹಾಗೇ ಇದೆ," ಎಂದ ತೇಹೋ. ಆದರೆ ನಗು ಅವನ ಬಾಯಿಯ ಒಂದು ತುದಿಯಿಂದ ಶುರುವಾಗಿ ಇನ್ನೊಂದು ತುದಿಗೆ ಹೋಗಿಯಾಗಿತ್ತು. ಎದ್ದು ಬಂದು, ಚಳಿಗೆ ಕಲ್ಲಿನಂತಾಗಿದ್ದ ಅವಳ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಹಿಡಿದು ಉಜ್ಜತೊಡಗಿದ. ಅವಳು ಹಣೆಯನ್ನು ಅವನ ಭುಜಕ್ಕೆ ಒರಗಿಸಿದಳು. ಅವನ ಅಂಗಿಗೆ ಶುಂಠಿಯ ವಾಸನೆಯಿತ್ತು.

"ನನಗೂ ತುಂಬಾ ದಿನದಿಂದ," ಎಂದ ಅವನು, ಅವಳ ಕೂದಲಿನೊಳಗೆ. "ನೀನು ಬೂಟು ಬಿಚ್ಚದೆ ಬಂದ ದಿನದಿಂದ."

ಸ್ವಲ್ಪ ಹೊತ್ತಾದ ಮೇಲೆ ಅವಳು ಬಿಡಿಸಿಕೊಂಡು ಕುರ್ಚಿ ಎಳೆದಳು. ಕೈಕಟ್ಟಿ ನಿಲ್ಲಲಿಲ್ಲ, ಅವನ ಎದುರಿಗೆ ಕೂತಳು.

"ನನಗೂ ಹಾಕು."

"ಇದನ್ನಾ? ಇದರಲ್ಲಿ ಉಪ್ಪು ಸಿಕ್ಕಾಪಟ್ಟೆ ಇದೆ ವೆಂಗ್."

"ಗೊತ್ತು. ಹಾಕು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಆಮೇಲೆ ಇಬ್ಬರೂ ಹೋಗಿ ಅಪ್ಪನ ಹತ್ರ ಕೂತು ಇನ್ನೊಂದು ಸಲ ತಿನ್ನೋಣ."

ಅವನು ಇನ್ನೊಂದು ಜೊತೆ ಚಾಪ್‌ಸ್ಟಿಕ್ ತಂದು ಪಾತ್ರೆಯನ್ನು ಮೇಜಿನ ನಡುವೆ ಸರಿಸಿದ. ಅವಳು ಮೊಟ್ಟೆಯ ದೊಡ್ಡ ಪಾಲು ತಾನೇ ತೆಗೆದುಕೊಂಡಳು. ಅವನು ಬೈದ, ಅವಳು ಕೇಳಿಸಿಕೊಳ್ಳಲಿಲ್ಲ. ಬೇಸಿಗೆಯ ನಂತರ ರೊವೆನಾ ಅಂದೇ ಮೊದಲು ಕೂತು ಹೊಟ್ಟೆ ತುಂಬ ಉಂಡದ್ದು.